ಫೋರ್ ಹೈ ಬೀಳುತ್ತದೆ, ಫೋರ್ ಲೋ ಬೀಳುತ್ತಿಲ್ಲ: ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಲೇಬೇಕೆ?

ಪ್ರಶ್ನೆ (ತಾಳಿಕೋಟೆ, ವಿಜಯಪುರ ಜಿಲ್ಲೆ)

ಎಲ್ಲರಿಗೂ ಶರಣು. ನನ್ನ ಬಳಿ ಹನ್ನೊಂದು ವರ್ಷದ ಹಳೆಯ, ಡೀಸೆಲ್ ಎಂಜಿನ್ನಿನ ಫೋರ್ ವೀಲ್ ಡ್ರೈವ್ ಗಾಡಿಯೊಂದಿದೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಗೇರನ್ನು ಕೈಯಿಂದಲೇ ಹಾಕಬೇಕು, ಆದರೆ ಹಳೆಯ ಜೀಪುಗಳಲ್ಲಿ ಇರುತ್ತಿದ್ದ ಎರಡನೆಯ ಸಣ್ಣ ಲಿವರ್ ಇದರಲ್ಲಿಲ್ಲ. ಅದರ ಬದಲು ಟು ಹೈ (ಎರಡು ಚಕ್ರಕ್ಕೆ ಮಾತ್ರ ಬಲ), ಫೋರ್ ಹೈ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲು ವೇಗ), ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ, ಕಡಿಮೆ ವೇಗ, ಹೆಚ್ಚು ಎಳೆತ; ಇದನ್ನೇ ಲೋ ರೇಂಜ್ ಎನ್ನುವುದು) ಎಂಬ ಮೂರು ಗುರುತುಗಳಿರುವ ತಿರುಗಿಸುವ ಗುಂಡಿಯೊಂದು ಡ್ಯಾಶ್‌ಬೋರ್ಡಿನಲ್ಲಿದೆ.

ನಮ್ಮ ಹೊಲ ಡೋಣಿ ನದಿಯ ದಂಡೆಗಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ನಿಜವೇ ಆದರೂ ಆ ಕಾಳು ಬೆಳೆಯುವ ಎರೆ ಮಣ್ಣಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಗಾಡಿ ನಡೆಸುವುದು ಎಂತಹ ಕೆಲಸ ಎಂಬುದು ಈ ಭಾಗದವರಿಗೆ ಗೊತ್ತೇ ಇದೆ. ಹದಿನೈದು ದಿನಗಳ ಹಿಂದೆ ಗೊಬ್ಬರದ ಚೀಲ ಹೇರಿದ ಚಿಕ್ಕ ಟ್ರೇಲರನ್ನು ಹಿಂದೆ ಕಟ್ಟಿಕೊಂಡು ಹಳ್ಳದ ದಂಡೆ ಏರುವಾಗ ಗಾಡಿಯನ್ನು ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ, ಗುಂಡಿಯನ್ನು ಫೋರ್ ಲೋ ಕಡೆ ತಿರುಗಿಸಿದೆ. ಮೀಟರಿನಲ್ಲಿ ಫೋರ್ ಲೋ ದೀಪ ಮಿಣುಕತೊಡಗಿತು, ಸ್ವಲ್ಪ ಹೊತ್ತು ಮಿಣುಕಿ ಆರಿಹೋಯಿತು. ಗಾಡಿ ಫೋರ್ ಹೈನಲ್ಲಿಯೇ ಉಳಿಯಿತು. ಮತ್ತೆ ಮತ್ತೆ ತಿರುಗಿಸಿದರೂ ಅಷ್ಟೇ. ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಕಾಯಿತು.

ಟು ಹೈನಿಂದ ಫೋರ್ ಹೈಗೆ ಈಗಲೂ ಯಾವ ತಕರಾರೂ ಇಲ್ಲದೆ ಬೀಳುತ್ತದೆ. ಯುಗಾದಿಗೆ ಮುಂಚೆ ಕ್ಲಚ್ ಪ್ಲೇಟ್ ಮತ್ತು ಪ್ರೆಶರ್ ಪ್ಲೇಟ್ ಎರಡನ್ನೂ ಹೊಸದಾಗಿ ಹಾಕಿಸಿರುವುದರಿಂದ ಕ್ಲಚ್ಚಿನ ಬಗ್ಗೆ ಸಂಶಯವಿಲ್ಲ. ಬೇಸಿಗೆಯಲ್ಲಿ ಲೋ ರೇಂಜ್ ಹಾಕುವ ಪ್ರಸಂಗವೇ ಬರಲಿಲ್ಲ, ಹಾಗಾಗಿ ಅದು ಯಾವಾಗ ಕೆಟ್ಟಿತು ಎಂದು ಹೇಳಲಾರೆ. ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಗಾಡಿಯ ಕೆಳಗೆ ಹೋಗಿ ನೋಡದೆಯೇ, ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಇಳಿಸಿ ಬಿಚ್ಚಬೇಕು, ಒಳಗಿನ ಫೋರ್ಕ್ ಸವೆದಿರುತ್ತದೆ ಎಂದರು. ಬಿತ್ತಿಗೆಯ ಕಾಲದಲ್ಲಿ ಹದಿನೈದು ದಿನ ಗಾಡಿ ಬಿಟ್ಟಿರುವುದು ನನಗೆ ಕಷ್ಟ, ಅವರು ಹೇಳಿದ ಖರ್ಚೂ ಸಣ್ಣದಲ್ಲ. ಬಿಚ್ಚಿಸುವುದಕ್ಕೆ ಮೊದಲು ನಾನೇ ನೋಡಿಕೊಳ್ಳಬಹುದಾದದ್ದು ಏನಾದರೂ ಇದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಬೆಳಗಾವಿ)

ನಾನು ಗಾಡಿ ರಿಪೇರಿಯವನಲ್ಲ. ಉದ್ಯಮಬಾಗದಲ್ಲಿ ಗೇರಿನ ಹಲ್ಲು ಕೊರೆಯುವ ಕೆಲಸದಲ್ಲಿ ಬಹಳ ವರ್ಷ ಕಳೆದವನು. ಇಂತಹ ಗಾಡಿಯನ್ನು ಕಣಕುಂಬಿ, ಚೋರ್ಲಾ ಕಡೆಯ ಮಳೆಯಲ್ಲಿ ಓಡಿಸುತ್ತ ಬಂದಿರುವುದರಿಂದ ಇದೇ ರೋಗವನ್ನು ಎರಡು ಸಲ ಕಂಡಿದ್ದೇನೆ. ಎರಡು ಸಲವೂ ಕೇಸಿನ ಒಳಗೆ ಏನೂ ಆಗಿರಲಿಲ್ಲ. ಆದ್ದರಿಂದ ಸದ್ಯಕ್ಕೆ ಬಿಚ್ಚಿಸಬೇಡಿ.

ಮೊದಲು ಗುಂಡಿ ತಿರುಗಿಸಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ. ಗುಂಡಿಗೂ ಕೇಸಿನ ಒಳಗಿನ ಗೇರಿಗೂ ನೇರ ಸಂಬಂಧವಿಲ್ಲ. ಗುಂಡಿಯು ಕಂಟ್ರೋಲ್ ಮಾಡ್ಯೂಲಿಗೆ ಅರ್ಜಿ ಹಾಕುತ್ತದೆ ಅಷ್ಟೆ. ಮಾಡ್ಯೂಲು ಗಾಡಿಯ ವೇಗ ಎಷ್ಟಿದೆ, ಕ್ಲಚ್ ಒತ್ತಿದೆಯೇ, ಕೆಲವು ಗಾಡಿಗಳಲ್ಲಿ ಗೇರು ನ್ಯೂಟ್ರಲಿನಲ್ಲಿದೆಯೇ ಎಂಬುದನ್ನೆಲ್ಲ ವಿಚಾರಿಸಿ, ಎಲ್ಲವೂ ಸರಿ ಕಂಡರೆ ಮಾತ್ರ ಕೇಸಿನ ಮೇಲೆ ಕೂತಿರುವ ಶಿಫ್ಟ್ ಮೋಟಾರಿಗೆ ಕರೆಂಟು ಬಿಡುತ್ತದೆ. ಮೋಟಾರು ಒಂದು ಶಾಫ್ಟನ್ನು ತಿರುಗಿಸುತ್ತದೆ, ಆ ಶಾಫ್ಟು ಫೋರ್ಕನ್ನು ಸರಿಸುತ್ತದೆ, ಫೋರ್ಕು ಹಲ್ಲಿನ ಬಳೆಯೊಂದನ್ನು ಅತ್ತಿತ್ತ ಜಾರಿಸುತ್ತದೆ. ಮೋಟಾರು ಎಲ್ಲಿಯವರೆಗೆ ತಿರುಗಿತು ಎಂಬುದನ್ನು ಅದರೊಳಗಿನ ಪೊಸಿಷನ್ ಸೆನ್ಸರು ಮರಳಿ ಮಾಡ್ಯೂಲಿಗೆ ತಿಳಿಸುತ್ತದೆ. ದೀಪ ಮಿಣುಕುತ್ತಿದೆ ಎಂದರೆ ಕೇಳಿದ ಕೆಲಸ ಇನ್ನೂ ಮುಗಿದಿಲ್ಲ ಎಂದು ಅರ್ಥವೇ ಹೊರತು ಏನೋ ಮುರಿದಿದೆ ಎಂದಲ್ಲ.

ಫೋರ್ ಹೈ ಸುಲಭವಾಗಿ ಬಿದ್ದು ಫೋರ್ ಲೋ ಬೀಳದಿರುವುದಕ್ಕೂ ಕಾರಣವಿದೆ. ನೇರ ರಸ್ತೆಯಲ್ಲಿ ಹೋಗುವಾಗ ಕೇಸಿನಿಂದ ಚಕ್ರಗಳ ಕಡೆಗೆ ಬಲ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ, ಅವುಗಳನ್ನು ಜೋಡಿಸುವ ಜಾಗದಲ್ಲಿ ವೇಗ ಹೊಂದಿಸುವ ವ್ಯವಸ್ಥೆಯೂ ಇರುತ್ತದೆ; ಹಾಗಾಗಿ ಓಡುತ್ತಿರುವಾಗಲೇ ಫೋರ್ ಹೈ ಹಾಕಬಹುದು. ಲೋ ರೇಂಜಿನಲ್ಲಿ ಅನುಪಾತವೇ ಬದಲಾಗಬೇಕು, ಸಾಮಾನ್ಯವಾಗಿ ಎರಡರಿಂದ ಎರಡೂವರೆ ಪಟ್ಟು, ಮತ್ತು ಅಲ್ಲಿ ಹಲ್ಲಿಗೆ ಹಲ್ಲು ನೇರವಾಗಿ ಸೇರಬೇಕು. ತಿರುಗುತ್ತಿರುವಾಗ ಸೇರಿಸಲು ಹೋದರೆ ಹಲ್ಲಿನ ಅಂಚು ಉದುರುತ್ತದೆ. ಮಾಡ್ಯೂಲು ಇಷ್ಟೊಂದು ಷರತ್ತು ಹಾಕುವುದು ಅದಕ್ಕಾಗಿಯೇ.

ಈಗ ಒಂದು ಪರೀಕ್ಷೆ ಮಾಡಿ. ಸಮತಟ್ಟಾದ, ಗದ್ದಲವಿಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೀಯನ್ನು ಆನ್‌ನಲ್ಲಿಡಿ. ಒಬ್ಬರು ಒಳಗೆ ಕೂತು ಕ್ಲಚ್ಚನ್ನು ತಳಮುಟ್ಟ ಒತ್ತಿ ಗುಂಡಿ ತಿರುಗಿಸಲಿ, ಇನ್ನೊಬ್ಬರು ಹೊರಗೆ ಗಾಡಿಯ ನಡುಭಾಗದ ಹತ್ತಿರ ಕೂತು ಕಿವಿಗೊಡಲಿ. ಫೋರ್ ಹೈಗೆ ತಿರುಗಿಸಿದಾಗ ಮೋಟಾರಿನ ಗುಂಯ್ ಎಂಬ ಸದ್ದು ಬರುತ್ತದೆಯೇ? ಫೋರ್ ಲೋಗೆ ತಿರುಗಿಸಿದಾಗ ಬರುತ್ತದೆಯೇ? ಬಂದು ಅರ್ಧಕ್ಕೆ ನಿಲ್ಲುತ್ತದೆಯೇ? ಸದ್ದೇ ಇಲ್ಲದಿದ್ದರೆ ದೋಷ ವಿದ್ಯುತ್ತಿನ ಕಡೆಗೆ ಅಥವಾ ಷರತ್ತಿನ ಕಡೆಗೆ ಇದೆ. ಬಂದು ಅರ್ಧಕ್ಕೆ ನಿಂತರೆ ಮೋಟಾರು ದುರ್ಬಲವಾಗಿದೆ ಅಥವಾ ಒಳಗೆ ಏನೋ ಅಡ್ಡವಾಗಿದೆ. ಪೂರ್ತಿ ಬಂದರೂ ದೀಪ ಮಿಣುಕುತ್ತಲೇ ಇದ್ದರೆ ಪೊಸಿಷನ್ ಸೆನ್ಸರನ್ನು ಸಂಶಯಿಸಬೇಕು.

ಒಂದು ಎಚ್ಚರಿಕೆ. ಲೋ ಮತ್ತು ಹೈ ನಡುವೆ ಟ್ರಾನ್ಸ್‌ಫರ್ ಕೇಸಿಗೂ ತನ್ನದೇ ಒಂದು ನ್ಯೂಟ್ರಲ್ ಇದೆ. ಅದು ಅಲ್ಲಿ ಸಿಕ್ಕಿಕೊಂಡರೆ ಗೇರ್‌ಬಾಕ್ಸನ್ನು ಮೊದಲನೆಯ ಗೇರಿನಲ್ಲಿಟ್ಟು ನಿಲ್ಲಿಸಿದರೂ ಗಾಡಿ ಉರುಳಿಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಯಾರಾದರೂ ಕೆಳಗೆ ಬಗ್ಗಬೇಕು.

ಉತ್ತರ (ಜಮಖಂಡಿ, ಬಾಗಲಕೋಟೆ ಜಿಲ್ಲೆ)

ನಮ್ಮದು ಲಿವರ್ ಇರುವ ಹಳೆಯ ಜೀಪು. ಕಬ್ಬಿನ ಹೊಲದಲ್ಲೇ ಅದರ ಜೀವಮಾನ ಕಳೆದಿದೆ. ಅದಕ್ಕೂ ಒಂದು ಸಲ ಲೋ ಬೀಳದೆ ಹೋಯಿತು. ಲಿವರನ್ನು ಎರಡೂ ಕೈಯಿಂದ ಜಗ್ಗಿದರೂ ಅದು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಕೇಸ್ ಹೋಯಿತೆಂದೇ ನಾನೂ ಎಣಿಸಿದ್ದೆ. ಕೆಳಗೆ ಮಲಗಿ ನೋಡಿದರೆ ಲಿವರಿನಿಂದ ಕೇಸಿಗೆ ಹೋಗುವ ರಾಡಿನ ಸುತ್ತ ಕಬ್ಬಿನ ರವದಿ ಮತ್ತು ಕೆಸರು ಸೇರಿ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ರಾಡಿಗೆ ಸರಿಯಲು ಜಾಗವೇ ಇರಲಿಲ್ಲ. ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆದು, ನೀರು ಹೊಡೆದು, ಪಿನ್ನುಗಳಿಗೆ ಗ್ರೀಸ್ ಹಾಕಿದೆ. ಅಂದಿನಿಂದ ಇಂದಿನವರೆಗೆ ತೊಂದರೆಯಿಲ್ಲ. ನಿಮ್ಮ ಗಾಡಿಗೆ ಲಿವರ್ ಇಲ್ಲದಿದ್ದರೂ ಓದುವ ಬೇರೆಯವರಿಗೆ ಉಪಯೋಗವಾದೀತು ಎಂದು ಬರೆದಿದ್ದೇನೆ.

ಇನ್ನೊಂದು ಮಾತು. ಹೊಲದಿಂದ ಡಾಂಬರು ರಸ್ತೆಗೆ ಬಂದ ಮೇಲೂ ಫೋರ್ ಹೈನಲ್ಲಿಯೇ ಓಡಿಸಿದ್ದೀರಾ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲು ಆಗದೆ ಶಾಫ್ಟುಗಳ ನಡುವೆ ತಿರುಚು ಕೂಡಿಕೊಳ್ಳುತ್ತದೆ. ಹಾಗೆ ಬಿಗಿದುಕೊಂಡಾಗ ಯಾವ ರೇಂಜೂ ಬದಲಾಗುವುದಿಲ್ಲ. ನಾಲ್ಕೈದು ಮೀಟರ್ ನೇರವಾಗಿ ಹಿಂದಕ್ಕೆ ಬಿಟ್ಟರೆ ಸಡಿಲವಾಗುತ್ತದೆ. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರದಿದ್ದರೂ ಇದೇ ತೊಂದರೆ.

ಇದ್ಯಾವುದೂ ಅಲ್ಲ, ಕ್ಲಚ್ ಒತ್ತಿದ್ದನ್ನು ಮಾಡ್ಯೂಲಿಗೆ ತಿಳಿಸುವ ಸ್ವಿಚ್ಚೇ ಕೆಟ್ಟಿದೆ ಎಂದಾದರೆ ಅದರ ಎರಡು ವೈರುಗಳನ್ನು ಕತ್ತರಿಸಿ ಒಂದಕ್ಕೊಂದು ಹೊಸೆದುಬಿಡಿ. ನಮ್ಮ ಕಡೆ ಹಾಗೆಯೇ ಮಾಡುತ್ತಾರೆ.

ಉತ್ತರ (ಬೆಳಗಾವಿ)

ಜಮಖಂಡಿಯ ಅಣ್ಣಾವರು ತಿರುಚಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ವೈರು ಹೊಸೆಯುವ ಸಲಹೆಯನ್ನು ನಾನು ಒಪ್ಪಲಾರೆ. ಪರೀಕ್ಷೆಗಾಗಿ ಒಂದು ನಿಮಿಷ ಜೋಡಿಸಿ ನೋಡುವುದು ಬೇರೆ, ಶಾಶ್ವತವಾಗಿ ಹೊಸೆದಿಡುವುದು ಬೇರೆ. ಹೊಸೆದಿಟ್ಟರೆ ಕ್ಲಚ್ ಸದಾ ಒತ್ತಿಯೇ ಇದೆ ಎಂದು ಮಾಡ್ಯೂಲು ನಂಬುತ್ತದೆ. ಎಂಜಿನ್ ಓಡುತ್ತಿರುವಾಗ ಮನೆಯ ಹುಡುಗನೊಬ್ಬ ಕ್ಲಚ್ ಒತ್ತದೆ ಗುಂಡಿ ತಿರುಗಿಸಿದರೆ ತಿರುಗುತ್ತಿರುವ ಹಲ್ಲಿಗೆ ನಿಂತಿರುವ ಹಲ್ಲು ಹೋಗಿ ಬಡಿಯುತ್ತದೆ. ಹಾಗೆ ಉದುರಿದ ಹಲ್ಲಿನ ಬಳೆಗಳು ನಮ್ಮ ಮೇಜಿನ ಮೇಲೆ ಬಂದಿವೆ. ಅಂಚು ಇಲಿ ಕಡಿದ ರೊಟ್ಟಿಯಂತಾಗಿರುತ್ತದೆ, ಅದನ್ನು ಮರಳಿ ಸರಿಮಾಡಲು ಬರುವುದಿಲ್ಲ.

ಪ್ರಶ್ನಿಸಿದವರು (ತಾಳಿಕೋಟೆ)

ಇಬ್ಬರಿಗೂ ಧನ್ಯವಾದ. ನಿನ್ನೆ ಸಂಜೆ ತಮ್ಮನನ್ನು ಒಳಗೆ ಕೂರಿಸಿ ನಾನು ಹೊರಗೆ ಕೂತು ಕೇಳಿದೆ. ಫೋರ್ ಹೈಗೆ ತಿರುಗಿಸಿದಾಗ ಮೋಟಾರಿನ ಸದ್ದು ಒಂದೆರಡು ಸೆಕೆಂಡು ಸ್ಪಷ್ಟವಾಗಿ ಕೇಳಿಸಿತು. ಫೋರ್ ಲೋಗೆ ತಿರುಗಿಸಿದಾಗ ಸದ್ದೇ ಇಲ್ಲ, ದೀಪ ಮಾತ್ರ ಮಿಣುಕುತ್ತದೆ. ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿದೆ. ಫ್ಯೂಸುಗಳನ್ನೆಲ್ಲ ತೆಗೆದು ನೋಡಿದೆ, ಯಾವುದೂ ಸುಟ್ಟಿಲ್ಲ. ಟೈರುಗಳು ನಾಲ್ಕೂ ಒಂದೇ ಅಳತೆಯವು. ಡಾಂಬರಿನಲ್ಲಿ ನಾನು ಟು ಹೈಗೆ ಬಂದುಬಿಡುತ್ತೇನೆ, ಆದರೂ ಹಿಂದಕ್ಕೆ ಬಿಟ್ಟು ನೋಡಿದೆ, ಫಲವಿಲ್ಲ.

ಕಳೆದ ವರ್ಷ ಹಡಗಿನಾಳದ ಕಡೆಯ ಕೆಳಸೇತುವೆಯ ಮೇಲೆ ನೀರಿರುವಾಗ ಗಾಡಿ ದಾಟಿಸಿದ್ದು ನೆನಪಾಗಿ ಮೋಟಾರಿನ ಪ್ಲಗ್ ಬಿಚ್ಚಿದೆ. ಡೋಣಿಯ ನೀರು ಸವುಳು. ಪಿನ್ನುಗಳ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ ಕೂತಿತ್ತು. ಇದೇ ಕಳ್ಳನಿರಬೇಕೆಂದು ಖುಷಿಯಾಗಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮರಳಿ ಹಾಕಿದೆ. ಏನೂ ಬದಲಾಗಲಿಲ್ಲ. ಹಾಗಾದರೆ ಮೋಟಾರನ್ನೇ ಬದಲಿಸಬೇಕೆ?

ಉತ್ತರ (ವಿಜಯಪುರ)

ನಾನು ಗಾಡಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ಮೋಟಾರು ಬದಲಿಸಬೇಡಿ. ಅದೇ ಮೋಟಾರು, ಅದೇ ಫ್ಯೂಸು, ಅದೇ ಪ್ಲಗ್ಗು ಫೋರ್ ಹೈಗೆ ಕೆಲಸ ಮಾಡುತ್ತಿವೆ ಎಂದ ಮೇಲೆ ಅವು ತಮ್ಮ ಸಾಕ್ಷಿಯನ್ನು ತಾವೇ ಹೇಳಿವೆ. ಲೋ ಕೇಳಿದಾಗ ಮೋಟಾರು ಪ್ರಯತ್ನವನ್ನೇ ಮಾಡುತ್ತಿಲ್ಲ. ಗುಂಡಿ ತಿರುಗಿಸಿದಾಗ ದೀಪ ಮಿಣುಕುತ್ತಿದೆ, ಎಂದರೆ ಅರ್ಜಿ ಮಾಡ್ಯೂಲಿಗೆ ತಲುಪಿದೆ. ಅರ್ಜಿ ತಲುಪಿದೆ, ಅಪ್ಪಣೆ ಸಿಗುತ್ತಿಲ್ಲ. ಫೋರ್ ಹೈಗೆ ಬೇಡದ, ಫೋರ್ ಲೋಗೆ ಮಾತ್ರ ಬೇಕಾದ ಷರತ್ತು ಯಾವುದು ಎಂಬುದಷ್ಟೇ ಈಗ ಉಳಿದ ಪ್ರಶ್ನೆ.

ಒಂದು, ವೇಗ. ಗಾಡಿ ನಿಂತಿದ್ದರೂ ಸ್ಪೀಡ್ ಸೆನ್ಸರು ಅದು ಓಡುತ್ತಿದೆ ಎಂದು ಸುಳ್ಳು ಹೇಳುತ್ತಿದ್ದರೆ ಲೋ ಬೀಳುವುದಿಲ್ಲ; ಆದರೆ ಹಾಗಿದ್ದಾಗ ಬಹುಮಟ್ಟಿಗೆ ಮೀಟರಿನ ಮುಳ್ಳು ಕುಣಿಯುವುದೋ, ಬೇರೆ ಎಚ್ಚರಿಕೆ ದೀಪ ಹತ್ತುವುದೋ ಆಗುತ್ತದೆ, ನೀವು ಅದನ್ನು ಬರೆದಿಲ್ಲ. ಇನ್ನೊಂದು, ಕ್ಲಚ್ ಸ್ವಿಚ್. ಯುಗಾದಿಗೆ ಮುಂಚೆ ಕ್ಲಚ್ ಕೆಲಸವಾಗಿದೆ, ಹಾಗಾಗಿ ಕ್ಲಚ್ಚಿನ ಬಗ್ಗೆ ಸಂಶಯವಿಲ್ಲ ಎಂದಿದ್ದೀರಿ. ನನಗೆ ಸಂಶಯ ಬಂದದ್ದೇ ಆ ಸಾಲು ಓದಿ. ಕ್ಲಚ್ ಹಾಕಿದ ಮೇಲೆ ಪೆಡಲಿನ ಎತ್ತರವನ್ನು ಹೊಂದಿಸುವುದು ವಾಡಿಕೆ. ಪೆಡಲಿನ ಮೇಲ್ಭಾಗದ ಬ್ರಾಕೆಟ್ಟಿನಲ್ಲಿರುವ ಪುಟ್ಟ ಸ್ವಿಚ್ಚಿನ ನೆನಪು ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಕೆಲವು ಗಾಡಿಗಳಲ್ಲಿ ಕ್ಲಚ್ ಒತ್ತದಿದ್ದರೆ ಸ್ಟಾರ್ಟೇ ಆಗುವುದಿಲ್ಲ, ಅಲ್ಲಿ ಸ್ವಿಚ್ ಕೆಟ್ಟರೆ ಕೂಡಲೇ ತಿಳಿಯುತ್ತದೆ. ನಿಮ್ಮದು ಕ್ಲಚ್ ಒತ್ತದೆಯೂ ಸ್ಟಾರ್ಟ್ ಆಗುತ್ತದೆಯಾದರೆ, ಲೋ ಹಾಕುವ ದಿನದವರೆಗೂ ದೋಷ ಗೊತ್ತಾಗಲಾರದು.

ಬ್ಯಾಟರಿಯ ನೆಗೆಟಿವ್ ತೆಗೆದು, ಸ್ವಿಚ್ಚಿನ ಪ್ಲಗ್ ಬಿಚ್ಚಿ, ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನದಲ್ಲಿಟ್ಟು ಸ್ವಿಚ್ಚಿನ ಎರಡು ಪಿನ್ನಿಗೆ ಹಿಡಿಯಿರಿ. ಪೆಡಲ್ ಮೇಲಿದ್ದಾಗ ಒಂದು ಸ್ಥಿತಿ, ತಳ ಮುಟ್ಟಿದಾಗ ಇನ್ನೊಂದು ಸ್ಥಿತಿ ಇರಬೇಕು. ಬೀಪ್ ಯಾವಾಗ ಬರುತ್ತದೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆಯಾಗಿರುತ್ತದೆ, ಅದು ಮುಖ್ಯವಲ್ಲ. ಬದಲಾಗುತ್ತದೆಯೇ ಎಂಬುದಷ್ಟೇ ಮುಖ್ಯ. ಬದಲಾಗದಿದ್ದರೆ ಬೆರಳಿನಿಂದ ಸ್ವಿಚ್ಚಿನ ಮೊಳೆಯನ್ನು (ಪೆಡಲು ಬಂದು ಒತ್ತುವ ಪುಟ್ಟ ಕಡ್ಡಿ) ಒತ್ತಿ ನೋಡಿ. ಬೆರಳಿಗೆ ಬದಲಾಗಿ ಪೆಡಲಿಗೆ ಬದಲಾಗದಿದ್ದರೆ ಸ್ವಿಚ್ ಒಳ್ಳೆಯದು, ಅದು ಕೂತ ಜಾಗ ತಪ್ಪು.

ಪ್ರಶ್ನಿಸಿದವರು (ತಾಳಿಕೋಟೆ)

ಸಿಕ್ಕಿತು. ಸ್ಟೀರಿಂಗಿನ ಕೆಳಗೆ ತಲೆ ಹಾಕಿ, ಸೀಟಿನ ಮೇಲೆ ಕಾಲಿಟ್ಟು ತಲೆಕೆಳಗಾಗಿ ಮಲಗಿ, ಬಾಯಿಯಲ್ಲಿ ಟಾರ್ಚ್ ಕಚ್ಚಿಕೊಂಡು ನೋಡಿದೆ. ನನ್ನ ತಮ್ಮ ಪೆಡಲನ್ನು ಕೈಯಿಂದ ನೆಲಕ್ಕೆ ಒತ್ತಿ ಹಿಡಿದಾಗಲೂ ಪೆಡಲಿನ ತಗಡಿಗೂ ಸ್ವಿಚ್ಚಿನ ಬಿಳಿ ಮೊಳೆಗೂ ನಡುವೆ ಎರಡು ನಾಣ್ಯಗಳನ್ನು ತೂರಿಸುವಷ್ಟು ಸಂದಿ ಉಳಿಯುತ್ತಿತ್ತು. ಬೆರಳಿನಿಂದ ಒತ್ತಿದರೆ ಮೀಟರ್ ಬೀಪ್ ಎನ್ನುತ್ತದೆ, ಪೆಡಲಿನಿಂದ ಇಲ್ಲ. ಸ್ವಿಚ್ ಕೂತಿರುವ ಪಟ್ಟಿಯ ತೂತು ಉದ್ದವಾಗಿದೆ, ಬೋಲ್ಟು ಅದರ ಒಂದು ತುದಿಗೆ ಸರಿದುಹೋಗಿತ್ತು. ಅದರ ಮೇಲೆ ಪಾನಾ ಹಾಕಿದ ಹೊಸ ಗೀರುಗಳೂ ಇದ್ದವು. ಹತ್ತರ ಪಾನಾದಿಂದ ಸಡಿಲಿಸಿ, ಮುಂದಕ್ಕೆ ಸರಿಸಿ, ಮೊಳೆ ಪೂರ್ತಿ ಒತ್ತಿಕೊಳ್ಳುವಂತೆ ಮಾಡಿ ಬಿಗಿದೆ. ಖರ್ಚು ಏನೂ ಇಲ್ಲ, ಕುತ್ತಿಗೆ ಮಾತ್ರ ಇವತ್ತಿಗೂ ನೋಯುತ್ತಿದೆ.

ಬ್ಯಾಟರಿ ಜೋಡಿಸಿ ಗುಂಡಿ ತಿರುಗಿಸಿದಾಗ ಮೋಟಾರು ಗುಂಯ್ ಎಂದಿತು, ಕೆಳಗೆ ಟಕ್ ಎಂಬ ಸದ್ದಾಯಿತು, ದೀಪ ಮಿಣುಕುವುದು ಬಿಟ್ಟು ಸ್ಥಿರವಾಗಿ ಹತ್ತಿತು. ಮೊದಲನೆಯ ಗೇರಿನಲ್ಲಿ ಕ್ಲಚ್ ಬಿಟ್ಟರೆ ಗಾಡಿ ಎತ್ತಿನ ನಡಿಗೆಯಲ್ಲಿ ಹೊರಟಿತು.

ಒಂದು ಸಂಗತಿ ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಹೈಗೆ ಮರಳಿ ಎರಡನೆಯ ಸಲ ಲೋ ಹಾಕಿದಾಗ ಮೋಟಾರು ಸದ್ದು ಮಾಡಿತು, ಆದರೂ ದೀಪ ಮಿಣುಕುತ್ತಲೇ ಇತ್ತು. ನನ್ನ ತಮ್ಮ ಗಾಡಿಯನ್ನು ಅರ್ಧ ಅಡಿ ಮುಂದಕ್ಕೆ ತಳ್ಳಿದ ಕೂಡಲೇ ಟಕ್ ಎಂದು ಬಿತ್ತು. ಮೂರನೆಯ ಸಲ ತಳ್ಳುವ ಅಗತ್ಯ ಬೀಳಲಿಲ್ಲ. ಗ್ಯಾರೇಜಿನವರು ಹೇಳಿದಂತೆ ಫೋರ್ಕ್ ಸವೆದಿರುವ ಲಕ್ಷಣವೇ ಇದು?

ಉತ್ತರ (ಬೆಳಗಾವಿ)

ಅಲ್ಲ. ಅದು ಹಲ್ಲಿನ ಎದುರಿಗೆ ಹಲ್ಲು ಬಂದು ನಿಂತದ್ದು. ಹಲ್ಲು ಸಂದಿಯ ಎದುರಿಗೆ ಬಂದರೆ ಒಳಗೆ ಜಾರುತ್ತದೆ, ಹಲ್ಲಿನ ಎದುರಿಗೇ ಬಂದರೆ ತಲೆಗೆ ತಲೆ ಕೊಟ್ಟ ಟಗರುಗಳ ಹಾಗೆ ನಿಲ್ಲುತ್ತವೆ. ಗಾಡಿ ಒಂದಿಷ್ಟು ಅಲುಗಿದರೆ ಸಾಲು ತಪ್ಪಿ ಸೇರಿಕೊಳ್ಳುತ್ತವೆ. ಫೋರ್ಕ್ ಸವೆದಿದ್ದರೆ ಅಥವಾ ಬಾಗಿದ್ದರೆ ಲಕ್ಷಣವೇ ಬೇರೆ: ಬಿದ್ದ ಲೋ ಭಾರ ಬಿದ್ದಾಗ ತಾನಾಗಿ ಹೊರಕ್ಕೆ ಜಿಗಿಯುತ್ತದೆ, ಇಲ್ಲವೇ ಕರಕರ ಎಂಬ ಸದ್ದು ಬರುತ್ತದೆ. ಟ್ರೇಲರ್ ಕಟ್ಟಿ ಅದೇ ದಂಡೆಯನ್ನು ಒಮ್ಮೆ ಏರಿಸಿ ನೋಡಿ. ಜಿಗಿಯದಿದ್ದರೆ ಆ ಚಿಂತೆ ಬಿಡಿ.

ಎತ್ತಿನ ನಡಿಗೆ ಎಂದಿರಿ, ಅದು ಲೆಕ್ಕಕ್ಕೂ ಸರಿಯಾಗಿದೆ. ಎಂಜಿನ್ ನಿಮಿಷಕ್ಕೆ 800 ಸುತ್ತು, ಮೊದಲನೆಯ ಗೇರಿನ ಅನುಪಾತ 4, ಆಕ್ಸಲಿನದು 4, ಲೋ ರೇಂಜಿನದು 2.5 ಎಂದು ಉದಾಹರಣೆಗೆ ಇಟ್ಟುಕೊಂಡರೆ ಚಕ್ರ ನಿಮಿಷಕ್ಕೆ 20 ಸುತ್ತು ತಿರುಗುತ್ತದೆ. ಟೈರಿನ ಸುತ್ತಳತೆ 2.2 ಮೀಟರ್ ಇದ್ದರೆ ಗಂಟೆಗೆ 2.6 ಕಿಲೋಮೀಟರ್ ಆಯಿತು. ಹೈನಲ್ಲಿ ಅದೇ 6.6 ಆಗುತ್ತದೆ. ವೇಗ ಎಷ್ಟು ಪಟ್ಟು ಇಳಿಯಿತೋ ಚಕ್ರದ ಎಳೆತ ಅಷ್ಟು ಪಟ್ಟು ಏರುತ್ತದೆ. ಹಳ್ಳದ ದಂಡೆಗೂ ಟ್ರೇಲರಿಗೂ ಇದು ಬೇಕು. ಎರೆಯ ರಾಡಿಗೆ ಮಾತ್ರ ಲೋ ರಾಮಬಾಣವಲ್ಲ. ಅಲ್ಲಿ ಹೆಚ್ಚಿನ ಎಳೆತ ಕೊಟ್ಟಷ್ಟೂ ಚಕ್ರ ತಿರುಗಿ ತನ್ನ ಕುಣಿಯನ್ನು ತಾನೇ ತೋಡಿಕೊಳ್ಳುತ್ತದೆ. ಲೋ ಹಾಕಿದರೂ ಎರಡನೆಯ ಗೇರಿನಲ್ಲಿ ಹೊರಡಿ.

ಇನ್ನು ತಿಂಗಳಿಗೊಮ್ಮೆ ಮಣ್ಣಿನ ಜಾಗದಲ್ಲಿ ಲೋ ಹಾಕಿ ಐವತ್ತು ಮೀಟರ್ ಓಡಿಸುತ್ತಿರಿ. ಹಾಗೆ ಮಾಡುತ್ತಿದ್ದರೆ ಈ ದೋಷ ಬೇಸಿಗೆಯಲ್ಲೇ ತಿಳಿಯುತ್ತಿತ್ತು. ಹೊಳೆ ದಾಟಿದ ಗಾಡಿಯಾದ್ದರಿಂದ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನೂ ಒಮ್ಮೆ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ಅರ್ಥ. ಕೆಲವು ಕೇಸುಗಳಿಗೆ ಗೇರ್ ಆಯಿಲ್, ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಬೇಕಾಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ. ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸುವ ಮೊದಲು ಮೇಲಿನ, ಎಣ್ಣೆ ತುಂಬುವ ಬೋಲ್ಟ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಿ. ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ ಗಾಡಿ ಅಲ್ಲಿಯೇ ನಿಲ್ಲಬೇಕಾಗುತ್ತದೆ.

ಪ್ರಶ್ನಿಸಿದವರು (ತಾಳಿಕೋಟೆ)

ಭಾನುವಾರ ಎಂಟು ಚೀಲ ಗೊಬ್ಬರ ಹೇರಿಕೊಂಡು ಅದೇ ದಂಡೆಯನ್ನು ಲೋನಲ್ಲಿ, ಎರಡನೆಯ ಗೇರಿನಲ್ಲಿ ಏರಿಸಿದೆ. ಜಿಗಿಯಲಿಲ್ಲ, ಸದ್ದೂ ಇಲ್ಲ. ಮೇಲಿನ ಬೋಲ್ಟ್ ನೀವು ಹೇಳಿದಂತೆಯೇ ಹಿಡಿದುಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟ ಮೇಲೆ ಬಿಚ್ಚಿತು. ಒಳಗಿನ ಎಣ್ಣೆಗೆ ಚಹಾದ ಬಣ್ಣ ಬಂದಿಲ್ಲ, ಆದರೆ ಕಪ್ಪಾಗಿದೆ. ಹೊಸದನ್ನು ತರಿಸಿದ್ದೇನೆ, ಬಿತ್ತಿಗೆ ಮುಗಿದ ಮೇಲೆ ಬದಲಿಸುತ್ತೇನೆ.